ಅಮೆರಿಕದ ಆದಿಚರಿತ್ರೆಯ ಕೆಲವು ಮಾತುಗಳು

ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗ ಶಾಸನವು 1787ರಲ್ಲಿ ಫಿಲಡೆಲ್ಫಿಯ ಪಟ್ಟಣದಲ್ಲಿ ರಚಿತವಾಯಿತು. ಯಾವ ಸಂಸ್ಥಾನಕ್ಕೆ ಎಷ್ಟು ಮಂದಿ ಪ್ರತಿನಿಧಿಗಳೆಂಬುದನ್ನು ಗೊತ್ತುಮಾಡುವ ವಾಕ್ಯವೊಂದು ಅದರ ಮೊದಲನೆಯ ಪ್ರಕರಣದಲ್ಲಿಯೇ ಇದೆ. ಜನರನ್ನು ಎಣಿಸುವಾಗ ಸ್ವತಂತ್ರರೆಲ್ಲರನ್ನೂ, ಕೆಲವು ವರ್ಷಗಳ ಅವಧಿಗೆ ಸೇವೆಗೆ ಕಟ್ಟುಬಿದ್ದವರನ್ನೂ ಸೇರಿಸತಕ್ಕದ್ದು. ತೆರಿಗೆ ತೆರದ ಇಂಡಿಯನ್ನರನ್ನು ಬಿಡತಕ್ಕದ್ದು. ಉಳಿದ ‘ಇತರ ವ್ಯಕ್ತಿ’ಗಳ ಸಂಖ್ಯೆಯಲ್ಲಿ ಐದರಲ್ಲಿ ಮೂರು ಪಾಲನ್ನು ಮಾತ್ರ ಕೂಡಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಜೇಮ್ಸ್‌ಟೌನಿನಲ್ಲಿ ಇಂಗ್ಲಿಷರು ನೆಲಸಿದ್ದು 1607ರಲ್ಲಿ. ಅಲ್ಲಿಂದ ಮುಂದಿನ 180 ವರ್ಷಗಳ ಚರಿತ್ರೆಯ ಬಹುಭಾಗವು ಈ ಒಂದು ವಾಕ್ಯದ ಮಾತುಗಳಲ್ಲಿ ಅಡಗಿದೆ. ಅವುಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಇಂಡಿಯನ್ನರೆಂಬ ಮಾತನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ದೇಶವನ್ನು ಅರಸಿ ಹೊರಟ ಕೊಲಂಬಸನು 1492ರಲ್ಲಿ ಬೇರೊಂದು ನೆಲವನ್ನು ಮುಟ್ಟಿ, ಅಲ್ಲಿಯವರಿಗೆ ನಮ್ಮ ಹೆಸರನ್ನಿಟ್ಟನು. ಆ ನೆಲದ ಮೂಲನಿವಾಸಿಗಳಿಗೆ ಹೆಸರೂ ತಮ್ಮದಲ್ಲ. ಎಣಿಕೆಯಲ್ಲಿ ಸ್ಥಾನವೂ ಇಲ್ಲ.

‘ಅವಧಿಗೆ ಕಟ್ಟುಬಿದ್ದವರು’ ಯಾರು? ಇಂಗ್ಲೆಂಡಿನ ಬಡವನಿಗೆ ಹಡಗಿನ ಕೂಲಿ ಕೊಡುವ ಶಕ್ತಿ ಇರಲಿಲ್ಲ. ವರ್ಜಿನಿಯದಲ್ಲಿ ಹೊಗೆಸೊಪ್ಪು ಬೆಳೆಯುವ ಜಮೀನುದಾರನಿಗೆ ಆಳುಗಳಿರಲಿಲ್ಲ. ಆದುದರಿಂದ ಬಡವನು ನಾಲ್ಕರಿಂದ ಏಳು ವರ್ಷಗಳ ದುಡಿಮೆಯನ್ನು ಮುಂಗಡವಾಗಿ ಮಾರಿಕೊಂಡು ಹಡಗು ಹತ್ತುತ್ತಿದ್ದನು. ಈ ಕರಾರಿಗೆ ಇಂಗ್ಲಿಷಿನಲ್ಲಿ ‘ಇಂಡೆಂಚರ್’ ಎಂದು ಹೆಸರು. ಒಂದೇ ಹಾಳೆಯ ಮೇಲೆ ಕರಾರನ್ನು ಎರಡು ಸಲ ಬರೆದು, ನಡುವೆ ಹಲ್ಲುಹಲ್ಲಾಗಿ ಕತ್ತರಿಸಿ, ಉಭಯ ಪಕ್ಷದವರೂ ಒಂದೊಂದು ಭಾಗವನ್ನು ಇಟ್ಟುಕೊಳ್ಳುತ್ತಿದ್ದರು; ಹಲ್ಲಿಗೆ ಹಲ್ಲು ಕೂಡಿದರೆ ಪತ್ರ ಸಾಚಾ. ಹೆಸರು ಬಂದದ್ದು ಆ ಹಲ್ಲುಗಳಿಂದಲೇ. ನಮ್ಮ ‘ಜೀತ’ವೆಂಬ ಮಾತು ಇದಕ್ಕೆ ಸಮೀಪವಾದರೂ ಸರಿಹೊಂದದು. ಹಳಗನ್ನಡದಲ್ಲಿ ಜೀತವೆಂದರೆ ಸಂಬಳ. ಆಳುವವರೂ ಆಳುಗಳೂ ಅದನ್ನು ಗೌರವದಿಂದಲೇ ಆಡುತ್ತಿದ್ದರು. ಬರಬರುತ್ತ ಅದು ಬಿಡುಗಡೆ ಕಾಣದ ಊಳಿಗಕ್ಕೆ ಹೆಸರಾಯಿತು. ಮಾತು ಹೀಗೆ ಕೆಳಗಿಳಿಯುವುದು ವರ್ಜಿನಿಯದಲ್ಲಿಯೂ ನಡೆಯಿತು. ಅಲ್ಲಿ ಅದನ್ನು ಇಳಿಸಿದ್ದು ನ್ಯಾಯಸ್ಥಾನ ಮತ್ತು ಶಾಸನಸಭೆ.

1619ರ ಜುಲೈ 30ರಂದು ಜೇಮ್ಸ್‌ಟೌನಿನ ಇಗರ್ಜಿಯಲ್ಲಿ ವಲಸೆಗಾರರ ಪ್ರತಿನಿಧಿಗಳು ಸಭೆ ಸೇರಿದರು. ಇಂಗ್ಲಿಷ್ ಅಮೆರಿಕದ ಮೊದಲ ಪ್ರಾತಿನಿಧಿಕ ಸಭೆಯೆಂದು ಇದು ಪ್ರಸಿದ್ಧವಾಗಿದೆ. ಅದೇ ವರ್ಷ ಆಗಸ್ಟ್ ತಿಂಗಳ ಕೊನೆಯಲ್ಲಿ, ಅದೇ ವರ್ಜಿನಿಯದ ಪಾಯಿಂಟ್ ಕಂಫರ್ಟ್ ಎಂಬಲ್ಲಿಗೆ ಬಂದ ಹಡಗೊಂದು ಪೋರ್ಚುಗೀಸರಿಂದ ಕಿತ್ತುಕೊಂಡಿದ್ದ ಇಪ್ಪತ್ತು ಚಿಲ್ಲರೆ ಆಫ್ರಿಕನ್ನರನ್ನು ಕೊಟ್ಟು ಆಹಾರಸಾಮಗ್ರಿಯನ್ನು ಪಡೆಯಿತು. ಎರಡು ಸಂಗತಿಗಳ ನಡುವೆ ಒಂದು ತಿಂಗಳ ಅಂತರ.

ಆಫ್ರಿಕನ್ನನೆಂದರೆ ಗುಲಾಮನೆಂಬ ನಿಯಮ ಮೊದಲಿಗೆ ಇನ್ನೂ ಗಟ್ಟಿಯಾಗಿರಲಿಲ್ಲ. 1621ರಲ್ಲಿ ಬಂದ ಆಂಟನಿ ಜಾನ್ಸನ್ ಎಂಬ ಆಫ್ರಿಕನ್ನನು ದುಡಿದು ಬಿಡುಗಡೆ ಹೊಂದಿ, 1651ರ ವೇಳೆಗೆ 250 ಎಕರೆಗಳ ಒಡೆಯನಾಗಿದ್ದನು. ಆದರೆ ಅಷ್ಟರಲ್ಲಿಯೇ ಗಾಳಿ ತಿರುಗಿತ್ತು. 1640ರಲ್ಲಿ ಮೂವರು ಆಳುಗಳು ಒಡೆಯನನ್ನು ಬಿಟ್ಟು ಓಡಿಹೋಗಿ ಸಿಕ್ಕಿಬಿದ್ದರು. ತಪ್ಪು ಒಂದೇ, ತೀರ್ಪು ಎರಡು. ಐರೋಪ್ಯರಿಬ್ಬರಿಗೆ ನಾಲ್ಕು ವರ್ಷಗಳ ಹೆಚ್ಚಿನ ಸೇವೆ; ಜಾನ್ ಪಂಚ್ ಎಂಬ ಆಫ್ರಿಕನ್ನನಿಗೆ ಜೀವಾವಧಿ ಸೇವೆ. 1662ರಲ್ಲಿ ಶಾಸನಸಭೆಯು ಮತ್ತೊಂದು ಹೆಜ್ಜೆಯಿಟ್ಟಿತು. ಇಂಗ್ಲಿಷ್ ಕಾಯಿದೆಯ ಪದ್ಧತಿಯಂತೆ ಮಗುವಿನ ಅಂತಸ್ತು ತಂದೆಯದು. ವರ್ಜಿನಿಯ ಅದನ್ನು ಮಗುಚಿ, ತಾಯಿ ಗುಲಾಮಳಾದರೆ ಮಗುವೂ ಗುಲಾಮನೆಂದು ವಿಧಿಸಿತು. ಒಡೆಯನೇ ತಂದೆಯಾದ ಕಡೆಯಲ್ಲಿ ಈ ವಿಧಿಯಿಂದ ಯಾರಿಗೆ ಲಾಭವಾಯಿತೆಂಬುದನ್ನು ಕೇಳುಗರು ಊಹಿಸಬಲ್ಲರು. 1662ರ ಈ ವಿಧಿಯನ್ನು ಮಾಡಿದ್ದು ಯಾವ ದೊರೆಯ ನಿರಂಕುಶ ಆಜ್ಞೆಯೂ ಅಲ್ಲ. ವಲಸೆಗಾರರು ಹೆಮ್ಮೆಯಿಂದ ಕಟ್ಟಿಕೊಂಡ ಪ್ರಾತಿನಿಧಿಕ ಸಭೆಯೇ.

ಇನ್ನು ಪ್ರಾತಿನಿಧ್ಯ. 1765ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅಮೆರಿಕದ ವಸಾಹತುಗಳಲ್ಲಿ ನ್ಯಾಯಸ್ಥಾನದ ಪತ್ರ, ವೃತ್ತಪತ್ರಿಕೆ, ಕೊನೆಗೆ ಇಸ್ಪೀಟಿನ ಎಲೆಗಳ ಮೇಲೆಯೂ ಛಾಪಾ ಸುಂಕವನ್ನು ಹಾಕಿತು. ನಾವು ಆರಿಸದ ಸಭೆಗೆ ನಮ್ಮ ಮೇಲೆ ತೆರಿಗೆ ಹಾಕುವ ಅಧಿಕಾರವೆಲ್ಲಿಯದು ಎಂದು ವಸಾಹತುಗಳು ಕೇಳಿದವು. ಲಂಡನ್ನಿನವರ ಉತ್ತರ ಜಾಣತನದ್ದು. ಮ್ಯಾಂಚೆಸ್ಟರಿಗೂ ಬರ್ಮಿಂಗ್‌ಹ್ಯಾಮಿಗೂ ಪಾರ್ಲಿಮೆಂಟಿನಲ್ಲಿ ಸದಸ್ಯರಿಲ್ಲ; ಆದರೂ ಪ್ರತಿಯೊಬ್ಬ ಸದಸ್ಯನೂ ಇಡೀ ಸಾಮ್ರಾಜ್ಯದ ಪ್ರತಿನಿಧಿಯಾದ್ದರಿಂದ ಆ ಊರಿನವರೂ ನೀವೂ ಅಲ್ಲಿ ಇದ್ದಂತೆಯೇ ಎಂದರು. ಇದನ್ನು ‘ವರ್ಚುಯಲ್’ ಪ್ರಾತಿನಿಧ್ಯವೆಂದು ಕರೆದರು. ಇಲ್ಲದಿದ್ದರೂ ಇದ್ದಂತೆ ಭಾವಿಸಿಕೊಳ್ಳುವುದೆಂದು ಅದರ ಅರ್ಥ. ಜನವೇ ಇಲ್ಲದ ಓಲ್ಡ್ ಸೇರಮ್ ಎಂಬ ಹಾಳುದಿಬ್ಬಕ್ಕೆ ಆಗ ಇಬ್ಬರು ಸದಸ್ಯರಿದ್ದರು! ವಸಾಹತುಗಳು ಈ ವಾದವನ್ನು ಹಾಸ್ಯಮಾಡಿ ತಳ್ಳಿದವು. 1766ರಲ್ಲಿ ಸುಂಕ ರದ್ದಾಯಿತು. ಆದರೆ ಜಗಳ ಬೆಳೆದು 1776ರಲ್ಲಿ ಸ್ವಾತಂತ್ರ್ಯ ಘೋಷಣೆಯಾಯಿತು.

ಆದರೆ ಹನ್ನೊಂದು ವರ್ಷಗಳ ತರುವಾಯ ಫಿಲಡೆಲ್ಫಿಯದಲ್ಲಿ ಕುಳಿತವರು ಏನು ಮಾಡಿದರು? ಗುಲಾಮರಿಗೆ ಮತವಿಲ್ಲ, ಆದರೂ ಅವರ ಐದರಲ್ಲಿ ಮೂರು ಪಾಲು ಒಡೆಯರ ಸಂಸ್ಥಾನದ ಲೆಕ್ಕಕ್ಕೆ ಸೇರಿತು. 1790ರ ಜನಗಣತಿಯಂತೆ ವರ್ಜಿನಿಯ ಒಂದರಲ್ಲಿಯೇ ಸುಮಾರು 2,92,000 ಗುಲಾಮರಿದ್ದರು. ಅದರ ಐದರಲ್ಲಿ ಮೂರು ಪಾಲೆಂದರೆ 1,75,000. 33,000 ಜನಕ್ಕೆ ಒಬ್ಬ ಪ್ರತಿನಿಧಿ ಎಂಬ 1792ರ ಕಾಯಿದೆಯ ಪ್ರಮಾಣದಲ್ಲಿ, ಮಾತನಾಡಲಾರದವರ ತಲೆಯೆಣಿಕೆಯಿಂದ ವರ್ಜಿನಿಯಕ್ಕೆ ಐವರು ಪ್ರತಿನಿಧಿಗಳು ದೊರೆತಂತಾಯಿತು. ಲಂಡನ್ನಿನವರು ಹೇಳಿದ ಪ್ರಾತಿನಿಧ್ಯ ಇದಕ್ಕಿಂತ ಎಷ್ಟೋ ಮೇಲೆಂದು ನನಗೆ ತೋರುತ್ತದೆ. ಅಲ್ಲಿ ಸೋಗಾದರೂ ಇತ್ತು.

‘ಇತರ ವ್ಯಕ್ತಿ’ಗಳೆಂಬ ಮರೆಮಾತು ಬೇಕಾದದ್ದು ಇದಕ್ಕಾಗಿಯೇ. ಮನುಷ್ಯರಲ್ಲಿ ಸ್ವತ್ತಿನ ಹಕ್ಕುಂಟೆಂಬ ಭಾವನೆಗೆ ರಾಜ್ಯಾಂಗದಲ್ಲಿ ಎಡೆಗೊಡುವುದು ತಪ್ಪೆಂದು ಜೇಮ್ಸ್ ಮ್ಯಾಡಿಸನ್ನನು ಆ ಸಭೆಯಲ್ಲಿಯೇ ಹೇಳಿದನು. ಅವನೂ ಗುಲಾಮರ ಒಡೆಯನೇ. ಹೀಗೆ ಪದವನ್ನು ದೂರವಿಟ್ಟು, ಪದಾರ್ಥವನ್ನು ಒಳಗಿಟ್ಟರು. ಗುಲಾಮಗಿರಿ ಎಂಬ ಪದವು ಅಮೆರಿಕದ ರಾಜ್ಯಾಂಗದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡದ್ದು 1865ರ ಹದಿಮೂರನೆಯ ತಿದ್ದುಪಡಿಯಲ್ಲಿ, ಅದನ್ನು ರದ್ದುಮಾಡುವ ವಾಕ್ಯದಲ್ಲಿ.