ಬುಟ್ಟಿಗೂ ದಿನಗೂಲಿಯ ಲೆಕ್ಕ ಬೇಕು

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ಗೊಬ್ಬರ, ಸೊಪ್ಪು, ಅಡಿಕೆ ಎಲ್ಲವನ್ನೂ ಬಹುಕಾಲ ಹೊತ್ತದ್ದು ಕೈಯಲ್ಲಿ ಹೆಣೆದ ಬುಟ್ಟಿಗಳು. ಹೆಣೆದವರಲ್ಲಿ ಕೊರಗ ಬುಡಕಟ್ಟಿನವರು ಮುಖ್ಯರು. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ಸಂಪುಟಗಳು ಅವರ ಕೈಕೆಲಸಗಳನ್ನು ಪಟ್ಟಿ ಮಾಡುತ್ತವೆ: ತೊಟ್ಟಿಲು, ಭತ್ತದ ಬುಟ್ಟಿ, ಗೆರಸೆ, ತಕ್ಕಡಿಯ ತಟ್ಟೆ ಕೂಡ. ಊರಿಗೆ ಇಷ್ಟೆಲ್ಲ ಬೇಕಾಗಿದ್ದರೂ ಕಸುಬಿಗೆ ಬೆಲೆ ಬರಲಿಲ್ಲ. ಅಸ್ಪೃಶ್ಯತೆಯ ನೆರಳಲ್ಲಿ ಕೊಳ್ಳುವವನು ಕೊಟ್ಟದ್ದೇ ಬೆಲೆ. ಚೌಕಾಸಿಗೆ ಇಬ್ಬರೂ ಸಮಾನರಾಗಿ ನಿಂತಿರಬೇಕು. ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 2000ದಲ್ಲಿ.

ಬುಟ್ಟಿಯ ಬೆಲೆಯನ್ನು ಅದಕ್ಕೆ ಹಿಡಿಯುವ ಹೊತ್ತಿನ ಮೇಲೆ ಕಟ್ಟಬೇಕು. ಕೈಕೆಲಸದ ಹೊತ್ತನ್ನು ಅಳೆಯಲಾಗದು ಎಂಬ ಮಾತಿಗೆ ಈ ಸೀಮೆಯಲ್ಲೇ ಉತ್ತರವಿದೆ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರಿಗೆ ಸಾವಿರ ಬೀಡಿಗೆ ಇಷ್ಟು ಎಂಬ ಮಜೂರಿ ಇದೆ. 1948ರ ಕನಿಷ್ಠ ವೇತನ ಕಾಯ್ದೆಯ ಪಟ್ಟಿಯಲ್ಲಿ ಬೀಡಿ ಕೆಲಸವೂ ಸೇರಿತ್ತು. ಅಡಿಕೆಯ ದರ ಕುಸಿದಾಗ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿ, ಬೆಳೆಗಾರನ ಪರವಾಗಿ ಖರೀದಿಗೆ ಇಳಿಯಿತು. ಬೀಡಿಗೆ ಕಾನೂನು ಸಿಕ್ಕಿತು, ಅಡಿಕೆಗೆ ಸಹಕಾರಿ ಸಂಸ್ಥೆ ಸಿಕ್ಕಿತು. ಆ ಅಡಿಕೆ ಹೊತ್ತ ಬುಟ್ಟಿಗೆ ಎರಡೂ ಇಲ್ಲ: ಹೆಣೆಯುವವನಿಗೆ ಧಣಿ ಇಲ್ಲ, ಆದ್ದರಿಂದ ಮಜೂರಿಯೂ ಇಲ್ಲ.

ಪ್ಲಾಸ್ಟಿಕ್ ಬುಟ್ಟಿ ಅಗ್ಗಕ್ಕೆ ಸಿಗುವಾಗ ದುಬಾರಿ ಬುಟ್ಟಿ ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೊಳ್ಳುವವರು ಕಡಿಮೆಯಾಗಬಹುದು. ಆದರೆ ಪ್ಲಾಸ್ಟಿಕ್ಕಿನ ದರಕ್ಕೆ ಮಾರಿದರೆ ದಿನಗೂಲಿಯೂ ಗಿಟ್ಟದು. ಕಸುಬು ಉಳಿಯಿತು ಎನ್ನುವಾಗ ಮನೆ ಉಪವಾಸ ಬಿದ್ದಿರುತ್ತದೆ. ಹೊತ್ತಿಗೆ ಬೆಲೆ ಕಟ್ಟಿದರೆ ನಿಧಾನವಾಗಿ ಹೆಣೆಯುವವನಿಗೆ ಹೆಚ್ಚು ಹಣ ಸಿಕ್ಕಂತಾಗದೇ ಎಂಬುದು ಇನ್ನೊಂದು ಆಕ್ಷೇಪ. ಲೆಕ್ಕ ಒಬ್ಬೊಬ್ಬರ ಗಂಟೆಯದ್ದಲ್ಲ. ಪಳಗಿದ ಕೈಗೆ ಇಂಥ ಅಳತೆಯ ಬುಟ್ಟಿಗೆ ಎಷ್ಟು ಹೊತ್ತು ಬೇಕು ಎಂಬುದರದ್ದು. ಆ ಹೊತ್ತು ಹೆಣಿಗೆಯಿಂದ ಶುರುವಾಗುವುದಿಲ್ಲ. ಕಾಡಿಗೆ ಹೋಗಿ ಬಳ್ಳಿ ಹುಡುಕಿ ಕಡಿದು, ಹೊತ್ತು ತಂದು, ಸಿಪ್ಪೆ ತೆಗೆದು, ಸೀಳಿ, ಒಂದೇ ದಪ್ಪಕ್ಕೆ ಹೆರೆದ ಮೇಲಷ್ಟೇ ಬುಡ ಹಾಕುವುದು. ಕೊಳ್ಳುವವನ ಕಣ್ಣಿಗೆ ಬೀಳುವುದು ಕೊನೆಯ ಕೆಲಸ ಮಾತ್ರ. ಬೆಲೆ ತಪ್ಪುವುದು ಅಲ್ಲೇ.

ಬುಡಕಟ್ಟು ಜನರಿಗಾಗಿ ಲ್ಯಾಂಪ್ಸ್ ಸಹಕಾರ ಸಂಘಗಳು ಜಿಲ್ಲೆಯಲ್ಲಿ ಈಗಾಗಲೇ ಇವೆ. ಹೆಣೆಯುವವರನ್ನೇ ಕೂರಿಸಿಕೊಂಡು ಬುಟ್ಟಿಯ ಅಳತೆವಾರು ಹೊತ್ತು ಗೊತ್ತುಮಾಡಿ, ತೋಟದ ಕೆಲಸದ ದಿನಗೂಲಿಗೆ ಕಡಿಮೆಯಾಗದಂತೆ ದರ ಕಟ್ಟಿ ಅವು ಖರೀದಿಸಲಿ. ತೋಟದಾಳಿಗೆ ಕೊಡುವ ಕೂಲಿಯನ್ನು ಬುಟ್ಟಿ ಹೆಣೆದವರಿಗೂ ಕೊಡುವುದು ಉಪಕಾರವಲ್ಲ, ಬಾಕಿ.