ದೇವರಕಾಡಿನ ಒತ್ತುವರಿ

ಕೊಡಗಿನ ಬಹುತೇಕ ಊರುಗಳಲ್ಲಿ ದೇವರ ಹೆಸರಿಗೆ ಬಿಟ್ಟ ಕಾಡುಂಟು. ಅಲ್ಲಿ ಮರ ಕಡಿಯುವಂತಿಲ್ಲ, ಬೇಟೆಯಾಡುವಂತಿಲ್ಲ. ಅಯ್ಯಪ್ಪನ ಕಾಡುಗಳಲ್ಲಿ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳು ಮರದ ಬುಡದಲ್ಲಿ ಇಂದಿಗೂ ಕಾಣಸಿಗುತ್ತವೆ. 1905ರಲ್ಲಿ ದೇವರಕಾಡುಗಳ ಹೊಣೆ ಅರಣ್ಯ ಇಲಾಖೆಯಿಂದ ಕಂದಾಯ ಇಲಾಖೆಗೆ ಹೋಯಿತು. ಆಗ ಸುಮಾರು 15,500 ಎಕರೆಯಿದ್ದ ಕಾಡು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದಿತ್ತು. ಇದು ಸಣ್ಣ ನಷ್ಟವಲ್ಲ. ಒತ್ತುವರಿಗೆ ದೊಡ್ಡ ಕಾರಣ ಕಾಫಿ. ಅದು ನೆರಳಲ್ಲೇ ಬೆಳೆಯುವ ಗಿಡ. ಪಕ್ಕದ ತೋಟದ ಬೇಲಿ ವರ್ಷಕ್ಕಿಷ್ಟು ಒಳಸರಿದರೂ ಮೇಲಿನ ಹೆಮ್ಮರಗಳು ಹಾಗೇ ನಿಂತಿರುತ್ತಿದ್ದುದರಿಂದ ದೂರಕ್ಕೆ ಕಾಡು ಕಾಡಾಗಿಯೇ ಕಾಣುತ್ತಿತ್ತು. 1985ರಲ್ಲಿ ಹೊಣೆ ಮರಳಿ ಅರಣ್ಯ ಇಲಾಖೆಗೆ ಬಂತು. ಮುಂದೆ ಇಲಾಖೆ ಊರಿನ ದೇವಸ್ಥಾನ ಸಮಿತಿಗಳನ್ನೂ ಕಾವಲಿಗೆ ಸೇರಿಸಿಕೊಂಡಿತು.