ಗದ್ದೆಯ ನೀರಿನ ನವೆ: ಒಂದು ರೋಗಜ್ಞಾನದ ಇತಿಹಾಸ

ಮಲಪ್ರಭೆಯು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರ ಪಟ್ಟಣದ ಮಗ್ಗುಲಲ್ಲಿ ಹರಿದು, ಪೂರ್ವದ ಬಯಲಿಗೆ ಇಳಿಯುವುದು. ಈ ಸೀಮೆಯು ಮಳೆಗೂ ಬತ್ತಕ್ಕೂ ಹೆಸರಾದುದು. ಗದ್ದೆಯ ನೀರು, ಎಮ್ಮೆಗಳು ಮಲಗುವ ಹೊಂಡ, ಹುಡುಗರು ಈಜುವ ಮಡು ಇವು ಇಲ್ಲಿ ಒಂದಕ್ಕೊಂದು ಬಹಳ ದೂರವಾಗಿರುವುದಿಲ್ಲ. ಇಂತಹ ನೀರಿನಿಂದ ಮೇಲೆ ಬಂದವನಿಗೆ ಕೆಲವು ನಿಮಿಷಗಳಲ್ಲಿಯೇ ಮೈ ಚುರುಗುಟ್ಟಿ, ಅರ್ಧ ದಿನದೊಳಗಾಗಿ ನೀರು ತಾಗಿದ ಭಾಗದಲ್ಲಿ ಕೆಂಪು ಗುಳ್ಳೆಗಳೆದ್ದು, ಸಹಿಸಲಾರದ ನವೆಯುಂಟಾಗುವುದಾದರೆ, ನೋಡಿದವರು ಅದನ್ನು ಕಜ್ಜಿಯೆಂದು ತಿಳಿಯುವುದು ಸಹಜವೇ. ಆದರೆ ಕಜ್ಜಿಯು ಒಬ್ಬರಿಂದ ಮನೆಮಂದಿಗೆಲ್ಲ ಹಬ್ಬುವ ರೋಗ. ಈ ನವೆಯು ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಎರಡಕ್ಕೂ ಒಂದೇ ಹೆಸರು ಬಿದ್ದಲ್ಲಿ ನಿರಪರಾಧಿಯಾದ ರೋಗಿಯು ಹಾಸಿಗೆ ಬಟ್ಟೆಗಳ ಸಮೇತ ದೂರವಿಡಲ್ಪಡುವನು. ಕಜ್ಜಿಯ ಗಂಧಕದ ಲೇಪವು ಉರಿಯುವ ಚರ್ಮವನ್ನು ಇನ್ನಷ್ಟು ಕೆರಳಿಸುವುದು.

ಈ ನವೆಗೆ ಕಾರಣವಾದ ಹುಳುವು ವಾಸ್ತವವಾಗಿ ದನಕರುಗಳದು. ಅವುಗಳ ರಕ್ತನಾಳದಲ್ಲಿ ವಾಸಿಸುವ ಚಪ್ಪಟೆ ಹುಳುವಿನ ಮೊಟ್ಟೆಗಳು ಸಗಣಿಯೊಡನೆ ನೀರು ಸೇರುತ್ತವೆ. ಒಡೆದು ಬಂದ ಮರಿಯು ಬಸವನಹುಳುವಿನ ಒಡಲನ್ನು ಹೊಕ್ಕು ಅಲ್ಲಿ ಸಾವಿರವಾಗಿ ವೃದ್ಧಿಹೊಂದುತ್ತದೆ. ಆ ಬಳಿಕ ಕವಲುಬಾಲದ ಸೂಕ್ಷ್ಮಜೀವಿಯಾಗಿ ಹೊರಬಿದ್ದು ಪುನಃ ದನದ ಮೈಯನ್ನು ಅರಸುತ್ತದೆ. ದನವೆಂದು ಭ್ರಮಿಸಿ ಮನುಷ್ಯನ ಚರ್ಮವನ್ನು ಕೊರೆದ ಮರಿಯು ಅಲ್ಲಿಯೇ ಸಾಯುವುದು. ಸತ್ತ ಮರಿಯ ವಿರುದ್ಧ ದೇಹವು ತೋರುವ ಪ್ರತಿಕ್ರಿಯೆಯೇ ನವೆ. ಮೊದಲ ಸಲ ಅದು ಅಲ್ಪವಾಗಿರಬಹುದು, ನೀರಿಗಿಳಿದಂತೆಲ್ಲ ಉಗ್ರವಾಗುವುದು.

ಈ ಸಂಗತಿಯು ಬೆಳಕಿಗೆ ಬಂದ ಕ್ರಮವು ವಿಚಿತ್ರವಾದುದು. 1906ರಲ್ಲಿ ಮಾಂಟ್‌ಗೊಮೆರಿ ಎಂಬ ಪಶುವೈದ್ಯನು ಭಾರತದ ದನಗಳಲ್ಲಿ ಸಿಸ್ಟೊಸೋಮಾ ಸ್ಪಿಂಡಾಲೆ ಎಂಬ ಹುಳುವನ್ನು ವರ್ಣಿಸಿದನು. 1918ರಲ್ಲಿ ಲಿಸ್ಟನ್ ಮತ್ತು ಸೋಪಾರ್‌ಕರ್ ಎಂಬವರು ಮುಂಬಯಿಯಲ್ಲಿ ಅದರ ಜೀವನಚಕ್ರವನ್ನು ಶೋಧಿಸಿ, ನಮ್ಮ ಹೊಂಡಗಳಲ್ಲಿ ಸಾಮಾನ್ಯವಾಗಿರುವ ಚಪ್ಪಟೆಸುರುಳಿಯ ಬಸವನಹುಳುವೇ ಅದರ ಆಶ್ರಯವೆಂದು ತೋರಿಸಿದರು. ಅಂದಿನ ಬೆಳಗಾವಿ ಜಿಲ್ಲೆಯು ಅದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಆದರೆ ಆ ಜ್ಞಾನವು ದನದ ರೋಗದ ಪ್ರಕರಣದಲ್ಲಿಯೇ ಉಳಿಯಿತು. ಈಜುವವರ ನವೆಗೆ ಇಂತಹ ಮರಿಗಳೇ ಕಾರಣವೆಂಬುದನ್ನು 1928ರಲ್ಲಿ ತೋರಿಸಿದವನು ಅಮೆರಿಕದ ಮಿಚಿಗನ್ ಸರೋವರಗಳಲ್ಲಿ ಕೆಲಸ ಮಾಡುತ್ತಿದ್ದ ಕಾರ್ಟ್. ಅಲ್ಲಿ ದೋಷವು ನೀರುಹಕ್ಕಿಗಳ ಹುಳುವಿನದು. ಮಾಂಟ್‌ಗೊಮೆರಿಯ ಹುಳುವೇ ಬತ್ತದ ಗದ್ದೆಯ ಕೆಲಸಗಾರರನ್ನು ಕಾಡುವುದೆಂದು 1938ರಲ್ಲಿ ಬಕ್ಲಿ ಎಂಬವನು ಮಲಯ ದೇಶದಿಂದ ವರದಿಮಾಡಿದನು. ಮುಂಬಯಿಯಲ್ಲಿ ಹುಳುವಿನ ಮಾರ್ಗ ತಿಳಿದ ಇಪ್ಪತ್ತು ವರ್ಷಗಳ ಮೇಲೆ, ಗದ್ದೆಯ ಕಾಲಿನ ಸುದ್ದಿ ಕಡಲಾಚೆಯಿಂದ ಬರಬೇಕಾಯಿತು!

ಕನ್ನಡಿಗರಿಗೆ ಪಶುವೈದ್ಯವು ಹೊಸದಲ್ಲ. ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದಲ್ಲಿಯೇ 'ಗೋವೈದ್ಯ'ವನ್ನು ರಚಿಸಿದನು. ಆದರೆ ಕೊಟ್ಟಿಗೆಯ ವೈದ್ಯವೂ ಮನೆಯ ವೈದ್ಯವೂ ಬೇರೆ ಬೇರೆ ಗ್ರಂಥಗಳಾಗಿ ಬೆಳೆದುವು. ಈ ನವೆಯು ಎರಡರ ನಡುವಣ ಬದುವಿನ ಮೇಲೆ ನಿಂತಿರುವ ರೋಗ.

1952ರಲ್ಲಿ ವಿಷಯವು ಮತ್ತಷ್ಟು ಗಂಭೀರವಾಯಿತು. ಘಟ್ಟದ ಕೆಳಗೆ ರತ್ನಾಗಿರಿ ಜಿಲ್ಲೆಯ ಗಿಮ್ವಿ ಗ್ರಾಮದಲ್ಲಿ ಗಾಡ್ಗೀಳ್ ಮತ್ತು ಶಾಹ್ ಎಂಬ ವೈದ್ಯರು ಮನುಷ್ಯರಲ್ಲಿಯೇ ನೆಲಸುವ ಜಾತಿಯ ಹುಳುವನ್ನು ಕಂಡರು. ರತ್ನಾಗಿರಿಯೂ ಬೆಳಗಾವಿಯೂ ಆಗ ಒಂದೇ ಮುಂಬಯಿ ರಾಜ್ಯದಲ್ಲಿದ್ದುವು. ಬೆಳಗಾವಿಯು ಮೈಸೂರು ರಾಜ್ಯಕ್ಕೆ ಬಂದುದು 1956ರಲ್ಲಿ. ಈ ಹುಳುವು ಚರ್ಮದಲ್ಲಿ ಸಾಯದೆ ಮೂತ್ರಕೋಶದ ಬಳಿಯ ರಕ್ತನಾಳಗಳನ್ನು ಸೇರಿ, ಮೂತ್ರದಲ್ಲಿ ರಕ್ತ ಕಾಣಿಸುವಂತೆ ಮಾಡುತ್ತದೆ. ಗಿಮ್ವಿಯ ಉದಾಹರಣೆಯಿಂದ ಖಾನಾಪುರದ ಪ್ರತಿಯೊಂದು ಗುಳ್ಳೆಗೂ ಹೆದರಬೇಕಾಗಿಲ್ಲ; ಎರಡು ರೋಗಗಳ ಗುರುತು ಮಾತ್ರ ತಿಳಿದಿರಬೇಕು.

ದನದ ಹುಳುವಿನ ನವೆಯು ಸಾಧಾರಣವಾಗಿ ಒಂದೆರಡು ವಾರಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಹುಳುವಿನ ಔಷಧಿಯು ಅನಾವಶ್ಯಕ. ನೀರಿನಿಂದ ಬಂದೊಡನೆ ಶುದ್ಧಜಲದಲ್ಲಿ ತೊಳೆದು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿಕೊಳ್ಳುವುದು, ತಣ್ಣೀರಿನ ಪಟ್ಟಿ, ಕ್ಯಾಲಮೈನ್ ಲೇಪ, ವೈದ್ಯರು ಹೇಳಿದ ನವೆಯ ಮಾತ್ರೆ ಇಷ್ಟೇ ಸಾಕು. ತುರಿಸಿ ಹುಣ್ಣು ಮಾಡಿಕೊಂಡರೆ ಕೀವು ಸೇರುವುದು. ಆಗಲಾಗಲಿ, ಜ್ವರ ಬಂದಾಗಲಾಗಲಿ, ಮೂತ್ರ ಕೆಂಪಾದಾಗಲಾಗಲಿ, ಖಾನಾಪುರದ ತಾಲ್ಲೂಕು ಆಸ್ಪತ್ರೆಗೋ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೋ ಹೋಗತಕ್ಕದ್ದು. ಗದ್ದೆಯಲ್ಲಿ ದುಡಿಯುವವರ ಜ್ವರವು ಇಲಿಜ್ವರವಾಗಿರುವ ಸಂಭವವೂ ಉಂಟಾದುದರಿಂದ ಆ ವಿಷಯದಲ್ಲಿ ಕಾಲಹರಣವು ಸಲ್ಲದು. ಯಾವ ನೀರಿಗೆ, ಯಾವ ದಿನ, ಎಷ್ಟು ಆಳಕ್ಕೆ ಇಳಿದುದು, ಅಲ್ಲಿ ದನಗಳು ಇಳಿಯುತ್ತಿದ್ದುವೇ ಎಂಬುದನ್ನು ರೋಗಿಯೇ ಮೊದಲು ಹೇಳತಕ್ಕದ್ದು. ಗುಳ್ಳೆಯನ್ನು ನೋಡಿದ ಮಾತ್ರದಿಂದ ವೈದ್ಯರಿಗೆ ಇವು ತಿಳಿಯುವುದಿಲ್ಲ.